ಬಳ್ಳಾರಿ ಪ್ರಾಂತದ ಶಿಲಾಚಿತ್ರಗಳೂ ಗೃಹಜೀವನವೂ: ಪುನರ್ಮಿಲನದ ಪ್ರಸಂಗವೊಂದರ ವಿಚಾರ

೧

ಚಿತ್ರಕಲೆಯ ಇತಿಹಾಸವನ್ನು ಬರೆದವರು ಚಿತ್ರಗಳನ್ನು ಅವುಗಳ ವಸ್ತುವಿಗನುಸಾರವಾಗಿ ಹಲವು ಬಗೆಯಾಗಿ ವಿಂಗಡಿಸಿದ್ದಾರೆ. ದೇವತೆಗಳ ಹಾಗೂ ಪುರಾಣಪುರುಷರ ಚಿತ್ರಗಳು ಒಂದು ಬಗೆ; ಅರಸರ, ಶ್ರೀಮಂತರ ಭಾವಚಿತ್ರಗಳು ಇನ್ನೊಂದು ಬಗೆ. ಹೆಸರಿಲ್ಲದ ಸಾಮಾನ್ಯ ಜನರು ತಮ್ಮ ಮನೆ, ಹೊಲ, ಸಂತೆಗಳಲ್ಲಿ ದಿನನಿತ್ಯವೂ ನಡೆಸುವ ಬದುಕನ್ನು ತೋರಿಸುವ ಚಿತ್ರಗಳು ಮತ್ತೊಂದು ಬಗೆ. ಈ ಕೊನೆಯ ಬಗೆಯನ್ನು ನಾವು ಜನಜೀವನ ಚಿತ್ರವೆಂದು ಕರೆಯಬಹುದು. ಹಳ್ಳಿಯ ಗೃಹಜೀವನವನ್ನು ಚಿತ್ರಿಸಿದ ಕಲಾವಿದರಿಗೆ ಪ್ರಿಯವಾದ ಪ್ರಸಂಗಗಳಲ್ಲಿ, ದೂರ ಹೋದವರು ಮನೆಗೆ ಮರಳಿ ಮನೆಯವರನ್ನು ಕೂಡಿಕೊಳ್ಳುವುದು ಮುಖ್ಯವಾದುದು.

ಇದಕ್ಕೆ ಎರಡು ಉದಾಹರಣೆಗಳನ್ನು ಇಲ್ಲಿ ಹೇಳಿದರೆ ಸಾಕು. ಫ್ಲಾಂಡರ್ಸ್ ದೇಶದ ಪೀಟರ್ ಬ್ರೂಗೆಲನು ೧೫೬೫ರಲ್ಲಿ ರಚಿಸಿದ, ಈಗ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿರುವ ಚಿತ್ರವೊಂದರಲ್ಲಿ, ಚಳಿಗಾಲ ಹತ್ತಿರವಾದಾಗ ಮಲೆಯ ಹುಲ್ಲುಗಾವಲಿನಿಂದ ದನಗಳನ್ನು ಹೊಡೆದುಕೊಂಡು ಊರಿಗಿಳಿಯುವ ದನಗಾಹಿಗಳನ್ನು ಕಾಣುತ್ತೇವೆ. ಎರಡನೆಯದು ನಮ್ಮ ದೇಶದ್ದು. ರಾಜಾ ರವಿವರ್ಮನು ೧೮೯೩ರಲ್ಲಿ ಬರೆದ, ಅದೇ ವರ್ಷ ಚಿಕಾಗೋ ನಗರದ ಜಾಗತಿಕ ಪ್ರದರ್ಶನಕ್ಕೆ ಕಳುಹಿಸಿದ ಹತ್ತು ಚಿತ್ರಗಳಲ್ಲೊಂದಾದ ‘ಅಗೋ, ಅಪ್ಪ ಬಂದರು’ ಎಂಬರ್ಥದ ಹೆಸರಿನ ಚಿತ್ರ. ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ನಿಂತಿದ್ದಾಳೆ, ಬರುತ್ತಿರುವವನ ಕಡೆಗೆ ಆಕೆಯ ದೃಷ್ಟಿ ಹರಿದಿದೆ, ಬಳಿಯಲ್ಲಿ ನಾಯಿಯೊಂದಿದೆ. ಚಿತ್ರಗಾರನ ಮಗಳಾದ ಮಹಾಪ್ರಭಾ ಎಂಬಾಕೆಯೇ ಇದಕ್ಕೆ ರೂಪದರ್ಶಿಯಾಗಿದ್ದಳು.

ಈ ಎರಡು ಚಿತ್ರಗಳಲ್ಲಿಯೂ ಪುನರ್ಮಿಲನವು ಪ್ರತ್ಯಕ್ಷವಾಗಿ ಚಿತ್ರಿತವಾಗಿಲ್ಲವೆಂಬುದನ್ನು ಗಮನಿಸಬೇಕು. ರವಿವರ್ಮನ ಚಿತ್ರದಲ್ಲಿ ಕಾದಿರುವವರು ಇದ್ದಾರೆ, ಬರುವಾತನಿಲ್ಲ. ಬ್ರೂಗೆಲನ ಚಿತ್ರದಲ್ಲಿ ಬರುವವರು ಇದ್ದಾರೆ, ಮನೆಯೊಳಗೆ ಕಾದಿರುವವರು ಕಣ್ಣಿಗೆ ಬೀಳುವುದಿಲ್ಲ. ಚಿತ್ರಗಾರನು ಎಲ್ಲಿ ನಿಂತು ನೋಡಿದನೆಂಬುದರ ಮೇಲೆ, ಕುಟುಂಬದ ಯಾವ ಅರ್ಧವು ಚಿತ್ರದೊಳಗೆ ಬರುವುದೆಂಬುದು ನಿಶ್ಚಯವಾಗುತ್ತದೆ. ಬಳ್ಳಾರಿ ಪ್ರಾಂತದಲ್ಲಿ ದೊರೆತಿರುವ, ಇವುಗಳಿಗಿಂತ ಸಾವಿರಾರು ವರ್ಷಗಳಷ್ಟು ಹಳೆಯದಾದ ಜನಜೀವನ ಚಿತ್ರಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಅವುಗಳಲ್ಲಿ ದನಗಳಿವೆ, ದನಗಾಹಿಗಳಿದ್ದಾರೆ. ಮನೆ ಎಲ್ಲಿದೆ? ಮನೆಯವರೆಲ್ಲಿ?

೨

ಬಳ್ಳಾರಿ ನಗರದಿಂದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರುಗಳ ದೂರದಲ್ಲಿ ಸಂಗನಕಲ್ಲು, ಕಪ್ಪಗಲ್ಲು ಎಂಬ ಗ್ರಾಮಗಳಿವೆ. ಅವುಗಳ ನಡುವೆ ಬಯಲಿನಿಂದ ಎದ್ದು ನಿಂತಿರುವ ಕಣಶಿಲೆಯ ಗುಡ್ಡಗಳಲ್ಲಿ ದೊಡ್ಡದು ಹಿರೇಗುಡ್ಡ. ಈ ಗುಡ್ಡಗಳ ಪ್ರಾಚೀನತೆಯು ವಿದ್ವಾಂಸರ ಗಮನಕ್ಕೆ ಬಂದುದು ೧೮೭೨ರಲ್ಲಿ. ಅಲ್ಲಿ ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ನೆಲೆಯೊಂದನ್ನು ವಿಲಿಯಂ ಫ್ರೇಸರ್ ಗುರುತಿಸಿದನು. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ತಳಹದಿ ಹಾಕಿದ ರಾಬರ್ಟ್ ಬ್ರೂಸ್ ಫೂಟ್ ಅದನ್ನು ವಿವರವಾಗಿ ದಾಖಲಿಸಿದನು. ೧೮೯೨ರಲ್ಲಿ ಅಲ್ಲಿಯ ಬಂಡೆಗಳ ಮೇಲಿನ ಚಿತ್ರಗಳ ವಿಷಯವಾಗಿ ಫಾಸೆಟ್ ಎಂಬಾತನು ಲೇಖನವನ್ನು ಪ್ರಕಟಿಸಿದನು. ಬಳಿಕ ಬಹುಕಾಲ ಈ ಚಿತ್ರಗಳಿಗೆ ದೊರೆಯಬೇಕಾದಷ್ಟು ಗಮನ ದೊರೆಯಲಿಲ್ಲ. ೧೯೫೧ರಲ್ಲಿ ಗಾರ್ಡನ್ ಎಂಬ ವಿದ್ವಾಂಸನು ಅವುಗಳನ್ನು ಮತ್ತೆ ಚರ್ಚಿಸಿದನು. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ರವಿ ಕೋರಿಶೆಟ್ಟರ್ ಅವರೂ ವಿದೇಶದ ವಿದ್ವಾಂಸರಾದ ನಿಕೋಲ್ ಬೊಯಿವಿನ್, ಡೋರಿಯನ್ ಫುಲ್ಲರ್ ಮೊದಲಾದವರೂ ಸೇರಿ ಈ ಗುಡ್ಡಗಳ ವ್ಯವಸ್ಥಿತವಾದ ಅಧ್ಯಯನವನ್ನು ಕೈಗೊಂಡರು.

ಇವು ಬಣ್ಣದಿಂದ ಬರೆದ ಚಿತ್ರಗಳಲ್ಲ. ಗುಡ್ಡದಲ್ಲಿ ಹಾದುಹೋಗಿರುವ ಡಾಲರೈಟ್ ಎಂಬ ಕಪ್ಪುಶಿಲೆಯ ಮೇಲೆ ಇನ್ನೊಂದು ಕಲ್ಲಿನಿಂದ ಕುಟ್ಟಿ, ಬಿಸಿಲುಮಳೆಗಳಿಂದ ಕಂದಿದ ಹೊರಪದರವನ್ನು ತೆಗೆದು, ಒಳಗಿನ ತಿಳಿಬಣ್ಣವು ಕಾಣುವಂತೆ ಮಾಡಿ ಇವನ್ನು ರಚಿಸಲಾಗಿದೆ. ಕೊಡಲಿಗಳಿಗೆ ಬೇಕಾದ ಕಲ್ಲನ್ನೂ ಇದೇ ಶಿಲೆಯಿಂದ ಒಡೆದು ತೆಗೆಯುತ್ತಿದ್ದರೆಂಬುದು ಗಮನಾರ್ಹ. ಎಲ್ಲ ಚಿತ್ರಗಳೂ ಒಂದೇ ಕಾಲದವಲ್ಲ. ಆದರೆ ಅವುಗಳಲ್ಲಿ ಬಹುಭಾಗವು ನವಶಿಲಾಯುಗದ ಜನರ ಕೃತಿಯೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ.

ಚಿತ್ರಗಳ ವಸ್ತುವನ್ನು ನೋಡೋಣ. ಎಲ್ಲಕ್ಕಿಂತ ಹೆಚ್ಚಾಗಿರುವುದು ಉದ್ದ ಕೊಂಬಿನ, ಹಿಣಿಲುಳ್ಳ ದನಗಳ ಆಕೃತಿಗಳು. ಅನಂತರ ಬರುವುದು ಮನುಷ್ಯಾಕೃತಿಗಳು. ಕೆಲವರು ಒಂಟಿಯಾಗಿದ್ದಾರೆ, ಕೆಲವರು ದನಗಳೊಡನೆ ಇದ್ದಾರೆ. ಕೆಲವರ ಕೈಯಲ್ಲಿ ಬಿಲ್ಲುಬಾಣಗಳಿವೆ. ಒಬ್ಬರಿಗೊಬ್ಬರು ಹೆಣೆದುಕೊಂಡು ಸಾಲಾಗಿ ನಿಂತವರೂ ಉಂಟು. ಸ್ತ್ರೀಪುರುಷ ಸಮಾಗಮವನ್ನು ಸೂಚಿಸುವ ಚಿತ್ರಗಳೂ ಇವೆ. ಚಿತ್ರಗಳಿರುವ ಸ್ಥಳಗಳಲ್ಲಿ ಕೆಲವು ಸುಲಭವಾಗಿ ತಲುಪುವಂತಹವಲ್ಲ. ಅವುಗಳ ಬಳಿಯಲ್ಲಿಯೇ, ಬಡಿದರೆ ಗಂಟೆಯಂತೆ ಧ್ವನಿಗೊಡುವ ಬಂಡೆಗಳೂ ಇದ್ದು, ಮತ್ತೆ ಮತ್ತೆ ಬಡಿದುದರಿಂದ ಅವುಗಳ ಮೇಲೆ ತಗ್ಗುಗಳು ಉಂಟಾಗಿವೆ.

ಇಷ್ಟೆಲ್ಲ ಇದ್ದರೂ ಮನೆಯೆಂದು ನಿಸ್ಸಂಶಯವಾಗಿ ಹೇಳಬಹುದಾದ ಆಕೃತಿಯಾಗಲಿ, ಒಲೆಯಾಗಲಿ, ಧಾನ್ಯವನ್ನು ಅರೆಯುವ ಹೆಣ್ಣುಮಗಳಾಗಲಿ, ತಾಯಿಯ ಕಂಕುಳಲ್ಲಿರುವ ಮಗುವಾಗಲಿ ಈ ಚಿತ್ರಸಮೂಹದ ಮುಖ್ಯ ವಸ್ತುವಾಗಿಲ್ಲ. ಈ ಲಕ್ಷಣವನ್ನು ಆಧರಿಸಿ ಡಾ. ಬೊಯಿವಿನ್ ಅವರು, ಈ ಚಿತ್ರಗಳನ್ನು ಕುಟ್ಟಿದವರು ಪುರುಷರು, ಪ್ರಾಯಶಃ ದನ ಕಾಯುವ ಕಾರ್ಯದಲ್ಲಿ ತೊಡಗಿದ್ದವರು ಎಂದು ಊಹಿಸಿದ್ದಾರೆ. ಸಾಲಾಗಿ ನಿಂತವರಲ್ಲಿ ಹೆಂಗಸರೂ ಇದ್ದಿರಬಹುದಲ್ಲವೇ ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಆದರೂ ಒಟ್ಟಿನಲ್ಲಿ ನೋಡಿದಾಗ ಈ ಊಹೆಯು ಯುಕ್ತವಾಗಿಯೇ ತೋರುತ್ತದೆ. ಇದರಿಂದ, ಆ ಜನರಿಗೆ ಗೃಹಜೀವನವು ಗೌಣವಾಗಿತ್ತೆಂದು ತೀರ್ಮಾನಿಸಬಹುದೇ? ಬಂಡೆಯೊಂದನ್ನೇ ಸಾಕ್ಷಿಯಾಗಿಟ್ಟುಕೊಂಡವರು ಹಾಗೆ ತೀರ್ಮಾನಿಸಿಯಾರು. ಬೇರೆ ಸಾಕ್ಷಿಗಳನ್ನು ವಿಚಾರಿಸದೆ ಹಾಗೆ ಹೇಳುವುದು ಇತಿಹಾಸಕಾರನಿಗೆ ಸಲ್ಲದು.

೩

ಎರಡನೆಯ ಸಾಕ್ಷಿಯು ದೊರೆಯುವುದು ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಈ ಊರಿನ ಗುಡ್ಡಗಳಲ್ಲಿ, ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾದ ಡಾ. ಎಂ. ಎಸ್. ನಾಗರಾಜರಾವ್ ಅವರು ೧೯೬೩-೬೪ರಲ್ಲಿ ಉತ್ಖನನ ನಡೆಸಿದರು. ಕೆ. ಸಿ. ಮಲ್ಹೋತ್ರ ಅವರೊಡನೆ ಬರೆದ ವರದಿಯು ೧೯೬೫ರಲ್ಲಿ ಪುಣೆಯಿಂದ ಪ್ರಕಟವಾಯಿತು. ಗುಡ್ಡದ ಮೇಲೆ ಬಂಡೆಗಳ ನಡುವಣ ಸಮತಟ್ಟು ಜಾಗಗಳಲ್ಲಿ ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಜನವಸತಿಯು ಅಲ್ಲಿ ಬೆಳಕಿಗೆ ಬಂದಿತು.

ಅವರ ಮನೆಗಳು ದುಂಡಾದ ಗುಡಿಸಲುಗಳು. ಸುತ್ತ ಮರದ ಕಂಬಗಳನ್ನು ನೆಟ್ಟು, ತಟ್ಟಿಗೆ ಮಣ್ಣು ಮೆತ್ತಿ ಗೋಡೆ ಮಾಡುತ್ತಿದ್ದರು. ನೆಲದಲ್ಲಿ ಒಲೆಯ ಗುರುತು, ಮಡಕೆಗಳು, ಧಾನ್ಯವನ್ನು ಅರೆಯುವ ಕಲ್ಲುಗಳು ಕಂಡುಬಂದಿವೆ. ಸುಟ್ಟು ಕರಿಕಾದ ಹುರುಳಿಯ ಕಾಳುಗಳು ದೊರೆತಿವೆ. ಚಿನ್ನದ ಆಭರಣವೂ ದೊರೆತಿದೆ. ಸತ್ತ ಶಿಶುಗಳನ್ನು ಮಡಕೆಗಳಲ್ಲಿಟ್ಟು ವಾಸದ ನೆಲೆಯಲ್ಲಿಯೇ ಹೂಳುವ ಪದ್ಧತಿಯು ದಕ್ಷಿಣ ಭಾರತದ ನವಶಿಲಾಯುಗದಲ್ಲಿ ವ್ಯಾಪಕವಾಗಿದ್ದು, ಅದು ತೆಕ್ಕಲಕೋಟೆಯಲ್ಲಿಯೂ ಕಂಡುಬರುತ್ತದೆ.

ಈ ಕೊನೆಯ ಸಂಗತಿಯು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಬಂಡೆಯ ಮೇಲೆ ಸ್ಥಾನ ಪಡೆಯದ ಮಗುವು ಮನೆಯ ನೆಲದಲ್ಲಿ ಸ್ಥಾನ ಪಡೆದಿದೆ. ಮಗು ಹೋದರೂ ಅದನ್ನು ಊರ ಹೊರಗೆ ಕಳುಹಿಸದೆ ತಮ್ಮ ನಡುವೆಯೇ ಇರಿಸಿಕೊಂಡ ಜನರಿಗೆ, ಕುಟುಂಬವೆಂಬ ಭಾವನೆಯು ಮಂದವಾಗಿತ್ತೆಂದು ಹೇಳಲಾಗದು. ಅರೆಯುವ ಕಲ್ಲೂ ಇದೇ ಮಾತನ್ನು ಹೇಳುತ್ತದೆ. ವರ್ಷಗಟ್ಟಲೆ ಉಜ್ಜಿ ಸವೆದು ತಗ್ಗಾದ ಆ ಕಲ್ಲುಗಳ ಮುಂದೆ ಯಾರೋ ದಿನವೂ ಕುಳಿತು ಅನೇಕರ ಊಟಕ್ಕೆ ಹಿಟ್ಟು ಮಾಡಿದ್ದಾರೆ. ದನಗಾಹಿಯು ಬಂಡೆಯನ್ನು ಕುಟ್ಟಿ ಮೂಡಿಸಿದ ಗುರುತಿಗೂ ಮನೆಯಾಕೆಯು ಕಲ್ಲನ್ನು ಉಜ್ಜಿ ಮೂಡಿಸಿದ ಗುರುತಿಗೂ ಐತಿಹಾಸಿಕ ಸಾಕ್ಷ್ಯವೆಂಬ ದೃಷ್ಟಿಯಿಂದ ಭೇದವಿಲ್ಲ. ಒಂದನ್ನು ಕಲೆಯೆಂದೂ ಇನ್ನೊಂದನ್ನು ಬರಿಯ ಉಪಕರಣವೆಂದೂ ನಾವು ಬೇರೆ ಬೇರೆ ಅಧ್ಯಾಯಗಳಲ್ಲಿ ಬರೆಯುವುದರಿಂದ ಅವುಗಳ ಸಂಬಂಧವು ಮರೆಯಾಗಿದೆ.

೪

ಗುಡ್ಡದ ಚಿತ್ರವನ್ನೂ ಮನೆಯ ನೆಲವನ್ನೂ ಕೂಡಿಸುವ ಮೂರನೆಯ ಸಾಕ್ಷಿ ಬೂದಿದಿಬ್ಬಗಳು. ಬಳ್ಳಾರಿ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಇಂತಹ ದಿಬ್ಬಗಳು ಹಲವೆಡೆ ಇವೆ. ಬಳ್ಳಾರಿಯ ಪಶ್ಚಿಮಕ್ಕಿರುವ ಕುಡತಿನಿಯ ದಿಬ್ಬವು ಬಹಳ ಪ್ರಸಿದ್ಧ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದು ನಂಬಿಕೊಂಡು ಬಂದಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನ್ಯೂಬೋಲ್ಡ್ ಇವುಗಳನ್ನು ವರ್ಣಿಸಿದನು. ಇದು ದನಗಳ ಸಗಣಿಯ ಬೂದಿಯೆಂದು ಫೂಟ್ ಅಭಿಪ್ರಾಯಪಟ್ಟನು. ೧೯೬೦ರಲ್ಲಿ ಪ್ರಕಟವಾದ ಜೊಯ್ನರ್ ಎಂಬ ವಿಜ್ಞಾನಿಯ ಪರೀಕ್ಷೆಗಳು ಆ ಅಭಿಪ್ರಾಯವನ್ನು ದೃಢಪಡಿಸಿದವು.

ಇಂದಿನ ತೆಲಂಗಾಣಕ್ಕೆ ಸೇರಿದ ಉತ್ನೂರಿನಲ್ಲಿ ೧೯೫೭ರಲ್ಲಿ ರೇಮಂಡ್ ಆಲ್ಚಿನ್ ನಡೆಸಿದ ಉತ್ಖನನವು ಇನ್ನೂ ಸ್ಪಷ್ಟವಾದ ವಿವರಗಳನ್ನು ಒದಗಿಸಿತು. ಅಲ್ಲಿ ಕಂಬಗಳ ಬೇಲಿಯಿಂದ ಸುತ್ತುವರಿದ ದನದ ದೊಡ್ಡಿಯೊಂದಿತ್ತು. ಸಗಣಿಯು ಗುಡ್ಡೆಯಾದಾಗ ಅದಕ್ಕೆ ಬೆಂಕಿ ಹಾಕುತ್ತಿದ್ದರು. ಅನಂತರ ಅಲ್ಲಿಯೇ ಮತ್ತೆ ದೊಡ್ಡಿಯನ್ನು ಕಟ್ಟುತ್ತಿದ್ದರು. ಹೀಗೆ ಹಲವು ಸಲ ನಡೆಯಿತು. ದನಗಳ ಗೊರಸಿನ ಗುರುತುಗಳು ಸಹ ಪದರಗಳ ನಡುವೆ ಉಳಿದುಕೊಂಡಿದ್ದವು. ಕಾಲಕಾಲಕ್ಕೆ ಹಾಕಿದ ಈ ಬೆಂಕಿಯು ದನಗಳನ್ನು ಮೇಯಲು ಹೊಡೆದುಕೊಂಡು ಹೋಗುವ ಅಥವಾ ಹಿಂದಿರುಗುವ ಋತುವಿನ ಉತ್ಸವಕ್ಕೆ ಸಂಬಂಧಿಸಿದುದಾಗಿರಬಹುದೆಂದು ಆಲ್ಚಿನ್ ೧೯೬೩ರ ತಮ್ಮ ಗ್ರಂಥದಲ್ಲಿ ಸೂಚಿಸಿದರು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ, ದೊಡ್ಡಿಯ ಬಳಿಯಲ್ಲಿಯೇ ಜನವಸತಿಯೂ, ದನಗಳನ್ನು ಕೊಯ್ದು ಮಾಂಸವನ್ನು ಹಂಚಿಕೊಂಡ ಜಾಗವೂ ಕಂಡುಬಂದವು. ಚದುರಿಹೋದ ಕುಟುಂಬಗಳು ಒಂದೆಡೆ ಸೇರಿ ಕೂಡಿ ಉಂಡ ಸ್ಥಳಗಳಿವು ಎಂಬ ಊಹೆಗೆ ಇದರಿಂದ ಬಲ ಬರುತ್ತದೆ.

ಇಂತಹ ಚದುರುವಿಕೆಯು ಏಕೆ ಅಗತ್ಯವಾಗಿತ್ತೆಂಬುದು ಬಳ್ಳಾರಿಯ ಬೇಸಗೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೫೦೦ ಮಿಲಿಮೀಟರು. ಅದರಲ್ಲಿ ಬಹುಭಾಗವು ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ಬೇಸಗೆಯಲ್ಲಿ ಗುಡ್ಡದ ಸುತ್ತಣ ಹುಲ್ಲು ದೊಡ್ಡ ಹಿಂಡಿಗೆ ಸಾಲುವುದಿಲ್ಲ. ಬೆಳೆಗಳ ವಿಷಯವಾಗಿಯೂ ಈಗ ನಮಗೆ ಹೆಚ್ಚಿನ ತಿಳಿವಳಿಕೆ ದೊರೆತಿದೆ. ಫುಲ್ಲರ್ ಮತ್ತು ಸಂಗಡಿಗರು ಸಂಗನಕಲ್ಲು, ತೆಕ್ಕಲಕೋಟೆ, ಕುರುಗೋಡು ಮೊದಲಾದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೊಳೆದು, ಅದರಲ್ಲಿ ಅಡಗಿದ್ದ ಕರಿಕಾದ ಕಾಳುಗಳನ್ನು ಬೇರ್ಪಡಿಸಿ ಪರೀಕ್ಷಿಸಿದ್ದಾರೆ. ಈ ಸೀಮೆಯ ನವಶಿಲಾಯುಗದ ಜನರ ಮುಖ್ಯ ಆಹಾರವು ಕೊರಲೆಯಂತಹ ಕಿರುಧಾನ್ಯ, ಹುರುಳಿ, ಹೆಸರು ಎಂದು ಇದರಿಂದ ತಿಳಿದಿದೆ. ಇವು ಮುಂಗಾರಿನ ಮಳೆಯನ್ನು ನಂಬಿದ ಬೆಳೆಗಳು. ಬಿತ್ತನೆ, ಕಳೆ, ಕೊಯ್ಲುಗಳಿಗೆ ಕೈಗಳು ಬೇಕಾದುದೂ ಮಳೆಗಾಲದಲ್ಲಿಯೇ. ಹತ್ತಿರದಲ್ಲಿ ಹುಲ್ಲು ಚಿಗುರುವುದೂ ಆಗಲೇ. ಆದುದರಿಂದ ಬೇಸಗೆಯಲ್ಲಿ ಹಿಂಡಿನೊಡನೆ ದೂರ ಹೋದವರು ಮಳೆ ಬಿದ್ದಾಗ ಮನೆಯವರನ್ನು ಸೇರಿಕೊಳ್ಳುತ್ತಿದ್ದರೆಂದು ಊಹಿಸುವುದು ಅಸಂಗತವಲ್ಲ.

೫

ಈ ಮೂರು ಸಾಕ್ಷಿಗಳನ್ನು ಜೋಡಿಸಿದರೆ, ಯಾವ ಬಂಡೆಯ ಮೇಲೆಯೂ ಪೂರ್ಣವಾಗಿ ಕಾಣದ ಚಿತ್ರವೊಂದು ನಮ್ಮ ಮುಂದೆ ನಿಲ್ಲುತ್ತದೆ. ಕಪ್ಪಗಲ್ಲಿನ ಬಂಡೆಯು ಹೋದವರನ್ನು ತೋರಿಸುತ್ತದೆ. ತೆಕ್ಕಲಕೋಟೆಯ ನೆಲವು ಮನೆಯಲ್ಲಿ ಉಳಿದವರನ್ನು ತೋರಿಸುತ್ತದೆ. ಬೂದಿದಿಬ್ಬವು ಇವರಿಬ್ಬರೂ ಕೂಡಿದ ಸ್ಥಳವನ್ನು ತೋರಿಸುತ್ತದೆ. ರವಿವರ್ಮನ ಚಿತ್ರದಲ್ಲಿ ಬರುವಾತನನ್ನು ನಾವು ಊಹಿಸಿಕೊಳ್ಳುತ್ತೇವೆ. ಹಿರೇಗುಡ್ಡದ ಚಿತ್ರಗಳಲ್ಲಿ ಕಾದಿರುವವರನ್ನು ಊಹಿಸಿಕೊಳ್ಳಬೇಕಾಗಿದೆ. ವ್ಯತ್ಯಾಸವಿಷ್ಟೇ: ಇಲ್ಲಿ ಊಹೆಗೆ ಆಧಾರವಾಗಿ ಮನೆಯ ನೆಲವು ಅಗೆತದಲ್ಲಿ ದೊರೆತಿದೆ.

ಇಲ್ಲಿ ಕಾಲಾನುಕ್ರಮದ ಬಗ್ಗೆ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಬೂದಿದಿಬ್ಬಗಳೂ ಸ್ಥಿರವಾದ ಹಳ್ಳಿಗಳೂ ಎಲ್ಲೆಡೆಯೂ ಏಕಕಾಲದವಲ್ಲ. ಸಂಗನಕಲ್ಲಿನ ಸಣ್ಣರಾಚಮ್ಮ ಗುಡ್ಡದ ಮೇಲೆ ಮೊದಲು ಬೂದಿಯ ಪದರವಿದೆ. ಅದರ ಮೇಲೆ ಜನವಸತಿಯ ಪದರವಿದೆ. ಕ್ರಿಸ್ತಪೂರ್ವ ಸುಮಾರು ೧೭೦೦ರ ಹೊತ್ತಿಗೆ ಅಲ್ಲಿ ಸಗಣಿಯನ್ನು ಗುಡ್ಡೆಹಾಕಿ ಸುಡುವ ಪದ್ಧತಿಯು ನಿಂತು, ನೆಲೆಯೂರಿದ ಹಳ್ಳಿಯ ಬದುಕು ಪ್ರಾರಂಭವಾದಂತೆ ತೋರುತ್ತದೆ. ಹಿರೇಗುಡ್ಡದಲ್ಲಿ ಕೊಡಲಿಗಳ ತಯಾರಿಕೆಯು ವಿಪುಲವಾಗಿ ನಡೆದುದು ಇದಕ್ಕಿಂತಲೂ ಈಚೆಗೆ. ಆದುದರಿಂದ ನಾವು ಮೇಲೆ ಜೋಡಿಸಿದ ಚಿತ್ರವು ಒಂದು ದಿನದ, ಒಂದು ಊರಿನ ಚಿತ್ರವಲ್ಲ. ಕೆಲವು ಶತಮಾನಗಳ ಬದುಕಿನ ಸಾರಾಂಶ. ಈ ಅನುಕ್ರಮದಲ್ಲಿಯೇ ಒಂದು ಬದಲಾವಣೆಯನ್ನೂ ಕಾಣಬಹುದು. ಮೊದಲು ಜನರು ಕೂಡುತ್ತಿದ್ದುದು ಬಯಲಿನ ದೊಡ್ಡಿಯ ಸುತ್ತ, ಎಲ್ಲರಿಗೂ ಸೇರಿದ ದೊಡ್ಡ ಬೆಂಕಿಯ ಬಳಿ. ಮುಂದೆ ಕೂಡತೊಡಗಿದುದು ದುಂಡುಗುಡಿಸಲಿನ ಒಳಗೆ, ಆಯಾ ಮನೆಯ ಒಲೆಯ ಬಳಿ. ಕುಲದ ಮಿಲನದ ಜೊತೆಗೆ ಕುಟುಂಬದ ಮಿಲನಕ್ಕೂ ಪ್ರತ್ಯೇಕವಾದ ಸ್ಥಳವು ಏರ್ಪಟ್ಟಿತು. ಇದು ನಮ್ಮ ನಾಡಿನ ಸಾಮಾಜಿಕ ಇತಿಹಾಸದಲ್ಲಿ ಸಣ್ಣ ಘಟನೆಯೇನೂ ಅಲ್ಲ.

ರವಿವರ್ಮನ ಚಿತ್ರವನ್ನೂ ಬದುಕಿನ ನೇರವಾದ ಪ್ರತಿಬಿಂಬವೆಂದು ತಿಳಿಯುವಂತಿಲ್ಲ. ಆತನು ಚಿತ್ರಿಸಿದ ಸಮಾಜದಲ್ಲಿ ಅಳಿಯಸಂತಾನಕ್ಕೆ ಸದೃಶವಾದ ಮರುಮಕ್ಕತ್ತಾಯದ ಪದ್ಧತಿಯು ರೂಢಿಯಲ್ಲಿತ್ತು. ಮಕ್ಕಳು ತಾಯಿಯ ಮನೆಗೆ ಸೇರಿದವರು. ತಂದೆ, ತಾಯಿ, ಮಗು ಎಂಬ ಚಿಕ್ಕ ಕುಟುಂಬವು ಅಲ್ಲಿ ಚರ್ಚೆಗೆ ಒಳಗಾಗಿದ್ದ ಕಾಲದಲ್ಲಿಯೇ ಈ ಚಿತ್ರವು ರಚಿತವಾಯಿತು. ಮೂರು ವರ್ಷಗಳ ತರುವಾಯ, ೧೮೯೬ರಲ್ಲಿ, ಮಲಬಾರ್ ವಿವಾಹ ಕಾಯಿದೆಯು ಜಾರಿಗೆ ಬಂದಿತು. ಚಿತ್ರಗಾರನು ಒಂದನ್ನು ತೋರಿಸಿದಾಗ ಇನ್ನೊಂದನ್ನು ಬಿಡುತ್ತಾನೆಂಬುದು ರವಿವರ್ಮನಿಗೂ ಹಿರೇಗುಡ್ಡದ ಹೆಸರಿಲ್ಲದ ದನಗಾಹಿಗೂ ಸಮಾನವಾಗಿ ಅನ್ವಯಿಸುವ ಮಾತು.

೬

ಇಂದಿನ ಜನಜೀವನದಲ್ಲಿ ಈ ಪ್ರಾಚೀನ ಬದುಕಿನ ಅವಶೇಷಗಳು ಉಂಟೇ? ತೆಕ್ಕಲಕೋಟೆಯ ಬೋಯ ಜನರ ಜೀವನದಲ್ಲಿ ನವಶಿಲಾಯುಗದ ಕೆಲವು ಅಂಶಗಳು ಉಳಿದುಬಂದಿವೆಯೆಂದು ನಾಗರಾಜರಾವ್ ಅವರು ೧೯೬೫ರಲ್ಲಿಯೇ ಪ್ರತಿಪಾದಿಸಿದ್ದರು. ಅವರ ದುಂಡಾದ ಗುಡಿಸಲುಗಳು ಅಗೆತದಲ್ಲಿ ದೊರೆತ ಗುಡಿಸಲುಗಳ ರಚನೆಯನ್ನು ತಿಳಿಯಲು ನೆರವಾದವು. ಈ ಸೀಮೆಯ ಕುರಿಗಾರರು ಮಂದೆಯೊಡನೆ ತಿಂಗಳುಗಟ್ಟಲೆ ಊರು ಬಿಟ್ಟು ಹೋಗುವುದನ್ನೂ, ಕಾರಹುಣ್ಣಿಮೆಯಲ್ಲಿ ಎತ್ತುಗಳನ್ನು ಸಿಂಗರಿಸಿ ಓಡಿಸುವುದನ್ನೂ, ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆತರುವುದನ್ನೂ ನಾವೆಲ್ಲ ಬಲ್ಲೆವು. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಊರು ಬಿಟ್ಟವರೂ ಮರಳಿ ಬರುತ್ತಾರೆ. ಹಿರೇಗುಡ್ಡದ ಗೂಳಿಗೂ ಕುರುಗೋಡಿನ ಬಸವನಿಗೂ ಎಳೆಯೆಳೆಯಾಗಿ ಸಂಬಂಧ ಕಲ್ಪಿಸುವ ಆಸೆ ಇಲ್ಲಿ ಸಹಜವಾಗಿಯೇ ಹುಟ್ಟುತ್ತದೆ. ಆ ಆಸೆಯನ್ನು ತಡೆಹಿಡಿಯುವುದು ಲೇಸು. ನಡುವೆ ಮೂರು ಸಾವಿರ ವರ್ಷಗಳಿಗೂ ಮೀರಿದ ಅಂತರವಿದೆ. ರಾಜ್ಯಗಳು, ಮತಗಳು, ಭಾಷೆಗಳು ಬಂದುಹೋಗಿವೆ. ಈ ಆಚರಣೆಗಳು ಪ್ರಾಚೀನ ಆಚರಣೆಗಳ ಮುಂದುವರಿಕೆಯೆಂಬುದಕ್ಕೆ ಪ್ರಮಾಣವಿಲ್ಲ. ಆದರೆ ಒಣನೆಲದಲ್ಲಿ ಬಾಳುವವರು ಅಗಲಬೇಕಾದುದು, ಅಗಲಿದವರು ಕೂಡಲು ಒಂದು ದಿನವನ್ನೂ ಒಂದು ಸ್ಥಳವನ್ನೂ ಗೊತ್ತುಮಾಡಿಕೊಳ್ಳಬೇಕಾದುದು ಎಷ್ಟು ಸಹಜವೆಂಬುದನ್ನು ಅವು ನಮಗೆ ಮನಗಾಣಿಸುತ್ತವೆ.

ಕೊನೆಯದಾಗಿ, ಈ ವಿಚಾರಕ್ಕೆ ಸಂಬಂಧಿಸಿದ ಒಂದು ವ್ಯಾವಹಾರಿಕ ಸಂಗತಿ. ಮೂರು ಸಾಕ್ಷಿಗಳಲ್ಲಿ ಒಂದು ಹೋದರೂ ಉಳಿದೆರಡರ ಅರ್ಥವು ಅಪೂರ್ಣವಾಗುತ್ತದೆ. ಕಪ್ಪಗಲ್ಲಿನ ಗುಡ್ಡದ ಕೆಲವು ಭಾಗಗಳು ಕಲ್ಲುಗಣಿಗಾರಿಕೆಯಿಂದ ಈಗಾಗಲೇ ಕೆಟ್ಟಿವೆ. ಅದರ ಉತ್ತರಕ್ಕಿದ್ದ, ಇನ್ನೂ ಪ್ರಾಚೀನವಾದ ಚಿತ್ರಗಳುಳ್ಳ ಬಂಡೆಯಾಸರೆಯೊಂದು ಭಾಗಶಃ ನಾಶವಾಯಿತೆಂದು ಸಂಶೋಧಕರು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿಯೇ ವರದಿ ಮಾಡಿದ್ದರು. ಬೂದಿದಿಬ್ಬಗಳ ಮಣ್ಣು ಹೊಲಗಳಿಗೆ ಗೊಬ್ಬರವಾಗಿ ಹೋಗಿರುವುದೂ ಉಂಟು. ಬಳ್ಳಾರಿ ನಗರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರಿನ ವಸ್ತುಸಂಗ್ರಹಾಲಯವು ಏರ್ಪಟ್ಟು, ಸಂಗನಕಲ್ಲಿನ ವಸ್ತುಗಳು ಜನರಿಗೆ ನೋಡಲು ದೊರೆಯುವಂತಾಗಿರುವುದು ಸಂತೋಷದ ವಿಷಯ. ಆದರೆ ಬಂಡೆಯನ್ನೂ ಗುಡ್ಡವನ್ನೂ ಸಂಗ್ರಹಾಲಯಕ್ಕೆ ತರಲಾಗುವುದಿಲ್ಲ. ಚಿತ್ರವು ಎಲ್ಲಿದೆಯೆಂಬುದೂ ಅದರ ಅರ್ಥದ ಒಂದು ಭಾಗ.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಕಾಲೇಜುಗಳಲ್ಲಿ ಇತಿಹಾಸವನ್ನು ಓದುವ ವಿದ್ಯಾರ್ಥಿಗಳಲ್ಲಿ ಅನೇಕರು ಈ ಗುಡ್ಡಗಳ ನೆರಳಿನ ಊರುಗಳಿಂದಲೇ ಬಂದವರು. ಅಧ್ಯಾಪಕರ ಮಾರ್ಗದರ್ಶನದಲ್ಲಿ ಅವರು ತಮ್ಮ ತಮ್ಮ ಊರಿನ ಬಂಡೆಚಿತ್ರ, ಸವೆದ ಅರೆಗಲ್ಲು, ಬೂದಿಯ ಮಣ್ಣಿನ ಜಾಗ ಇವುಗಳನ್ನು ಇದ್ದಲ್ಲಿಯೇ ಇರಗೊಟ್ಟು, ಅಳತೆ, ದಿಕ್ಕು, ನೆರೆಹೊರೆಗಳ ವಿವರದೊಡನೆ ಬರೆದಿಟ್ಟರೆ, ಅದು ಪರೀಕ್ಷೆಗಾಗಿ ಬರೆಯುವ ಎಷ್ಟೋ ಪ್ರಬಂಧಗಳಿಗಿಂತ ಹೆಚ್ಚಿನ ಸೇವೆಯಾದೀತು. ಹಾಗೆ ಬರೆಯುವಾಗ ಚಿತ್ರದಲ್ಲಿ ಯಾರಿದ್ದಾರೆಂದು ಗುರುತುಹಾಕಿಕೊಂಡ ಮೇಲೆ, ಯಾರಿಲ್ಲ, ಅವರ ಗುರುತು ಸುತ್ತಮುತ್ತ ಎಲ್ಲಿ ದೊರೆತೀತು ಎಂಬ ಪ್ರಶ್ನೆಯನ್ನೂ ಅವರು ತಪ್ಪದೆ ಕೇಳಿಕೊಳ್ಳಬೇಕು.